ನೂರಾರು ಮಕ್ಕಳ ಅರ್ಜಿ ತುಂಬಿದೆ, ಮಗಳದ್ದು ತುಂಬೋಕೆ ಕೈ ಓಡ್ತಿಲ್ಲ: ಪಿಯುಸಿ ಆದಮೇಲೆ ಏನು ಓದಿಸೋದು?

ಜೆರಾಕ್ಸ್_ಗದಗ:
ಎಲ್ಲರಿಗೂ ನಮಸ್ಕಾರ. ಗದಗದಲ್ಲಿ ನಂದು ಜೆರಾಕ್ಸ್ ಅಂಗಡಿ. ಹೆಸರಿಗೆ ಜೆರಾಕ್ಸ್, ಹೊಟ್ಟೆ ತುಂಬಿಸೋದು ಆನ್‌ಲೈನ್ ಅರ್ಜಿ. ಸಿಇಟಿ, ಎಸ್‌ಎಸ್‌ಪಿ ಸ್ಕಾಲರ್‌ಶಿಪ್, ಪಿಡಿಒ, ಎಫ್‌ಡಿಎ, ಎಲ್ಲಾ ತುಂಬುತ್ತೇನೆ. ಹದಿನಾಲ್ಕು ವರ್ಷ ಆಯ್ತು.

ಈ ಕುರ್ಚಿಯಲ್ಲಿ ಕೂತು ಒಂದು ವಿಷಯ ನೋಡಿದ್ದೇನೆ. ಡಿಗ್ರಿ ಅರ್ಜಿ ತುಂಬಿಸಿಕೊಂಡು ಹೋದ ಹುಡುಗ ಮೂರ್ನಾಲ್ಕು ವರ್ಷಕ್ಕೆ ನನ್ನ ಹತ್ತಿರವೇ ವಾಪಸ್ ಬರುತ್ತಾನೆ. 2023ರ ಕೊನೆಗೆ ಯುವನಿಧಿ ನೋಂದಣಿ ಶುರುವಾಯ್ತಲ್ಲ, ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500. ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಕ್ಕಿರಬಾರದು. ಆಗ ಒಬ್ಬ ಹುಡುಗ ಬಂದು, "ಕಾಕಾ, ನನ್ನ ಹಳೇ ಫೋಟೋ ನಿಮ್ಮ ಕಂಪ್ಯೂಟರ್‌ನ್ಯಾಗ ಐತೇನ್ರಿ?" ಅಂದ. ಹುಡುಕಿದೆ, ಇತ್ತು. ಬಿಎ ಸೇರುವಾಗ ತೆಗೆದದ್ದು. ಕಾಲೇಜಿಗೆ ಹಾಕಿದ ಫೋಟೋನೇ ಕೆಲಸ ಇಲ್ಲ ಅನ್ನೋ ಅರ್ಜಿಗೂ ಹಾಕಿದೆ.

ಈಗ ನನ್ನ ಮಗಳ ಸರದಿ. ಪಿಸಿಎಂಬಿ, 74%. ಸಿಇಟಿ ರ್‍ಯಾಂಕ್ ಹೇಳಿಕೊಳ್ಳೋ ಹಾಗಿಲ್ಲ. ಹುಬ್ಬಳ್ಳಿಯಲ್ಲಿರೋ ಅವಳ ಸೋದರಮಾವ, "ಸಾಲ ಮಾಡಿಯಾದರೂ ಎಂಜಿನಿಯರಿಂಗ್ ಹಚ್ರಿ" ಅಂತಾನೆ. ನನ್ನ ಹೆಂಡತಿ, "ಇಲ್ಲೇ ಬಿಎಸ್ಸಿ ಮಾಡ್ಲಿ, ಆಮ್ಯಾಲೆ ಬಿಎಡ್" ಅಂತಾಳೆ. ನನ್ನ ಅವ್ವಂದು ಇನ್ನೊಂದು: "ಎಷ್ಟರ ಓದಸು, ವರ ನೋಡೂದು ಬಿಡಬ್ಯಾಡ."

ಬೇರೆಯವರ ಅರ್ಜಿ ಹತ್ತು ನಿಮಿಷಕ್ಕೆ ಮುಗಿಸೋನು ನಾನು. ಮೂರು ದಿನದಿಂದ ಇವಳ ಪುಟ ತೆಗೆಯೋದು, ಮುಚ್ಚೋದು ನಡೆದಿದೆ. ಅನುಭವ ಇದ್ದವರು ಹೇಳಿ.

ಗಿರ್ಮಿಟ್_ಪ್ರಿಯ:
ಏನೂ ಬೇಡ ಕಾಕಾ, ಗಿರ್ಮಿಟ್ ಮಿರ್ಚಿ ಅಂಗಡಿ ಹಾಕಿಸಿಬಿಡಿ. ಸಂಜೆ ಐದರಿಂದ ಒಂಬತ್ತು ಕೆಲಸ, ಜಿಎಸ್‌ಟಿ ಇಲ್ಲ, ರ್‍ಯಾಂಕೂ ಬೇಡ.

ಸಪ್ತಾಪುರ_ಕಾಟ್_3:
ಮೇಲಿನವರು ನಗೆ ಮಾಡಿದ್ದಾರೆ, ನಮ್ಮ ರೂಮಿನಲ್ಲಿ ಇದು ವಾರಕ್ಕೊಮ್ಮೆ ಸೀರಿಯಸ್ಸಾಗಿ ಚರ್ಚೆ ಆಗುತ್ತದೆ.

ನನಗೆ 29. ಬಿಎ, ಎಂಎ ಎರಡೂ ಆಗಿದೆ. 2019ರಿಂದ ಧಾರವಾಡದ ಸಪ್ತಾಪುರದಲ್ಲಿ, ಅಂದರೆ ಸರ್ಕಾರಿ ಕೆಲಸದ ಪರೀಕ್ಷೆಗೆ ಓದೋರು ಬಂದು ಸೇರೋ ಏರಿಯಾದಲ್ಲಿ, ಕಾಟ್ ಬೇಸಿಸ್ ಮೇಲೆ ಇದ್ದೇನೆ. ಒಂದು ರೂಮಿಗೆ ನಾಲ್ಕು ಕಾಟ್. ನನ್ನದು ಕಿಟಕಿ ಪಕ್ಕದ್ದು, ಸೀನಿಯಾರಿಟಿ ಮೇಲೆ ಸಿಕ್ಕಿದ್ದು. ಅದೊಂದೇ ಪ್ರಮೋಶನ್ ನನಗೆ ಇಲ್ಲಿಯವರೆಗೆ. ಬೆಳಗ್ಗೆ ಆರಕ್ಕೆ ರೀಡಿಂಗ್ ರೂಮ್, ಮಧ್ಯಾಹ್ನ ಮೆಸ್ಸು, ಮತ್ತೆ ರೀಡಿಂಗ್ ರೂಮ್. ಬಾಡಿಗೆ, ಮೆಸ್ಸು, ಲೈಬ್ರರಿ ಸೇರಿ ತಿಂಗಳಿಗೆ ಏಳು ಸಾವಿರ ದಾಟುತ್ತದೆ. ಹಾವೇರಿ ಜಿಲ್ಲೆಯ ಹಳ್ಳಿಯಿಂದ ಅಪ್ಪ ಕಳಿಸುತ್ತಾನೆ. ಏನು ಮಾರಿ ಕಳಿಸುತ್ತಾನೆ ಅಂತ ನಾನು ಕೇಳೋದು ಬಿಟ್ಟಿದ್ದೇನೆ.

545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ಬರೆದೆ. ಅಕ್ರಮ ಬಯಲಾಗಿ 2022ರಲ್ಲಿ ರದ್ದಾಯ್ತು. ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. ಅದೇ ವರ್ಷ ಅಕ್ಟೋಬರ್‌ನಲ್ಲಿ, ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನ ಆಗೋವರೆಗೆ ಹೊಸ ನೇಮಕಾತಿ ಅಧಿಸೂಚನೆ ಇಲ್ಲ ಅಂತ ಸಂಪುಟ ಹೇಳಿತು. ಒಳಮೀಸಲಾತಿ ಆಗಬೇಕಾದ್ದೇ, ಅದರ ಬಗ್ಗೆ ತಕರಾರಿಲ್ಲ. ಆದರೆ ಕಾಯೋರ ವಯಸ್ಸು ಕಾಯೋದಿಲ್ಲವಲ್ಲ.

ಹೇಳಬೇಕಾದ್ದು ಇಷ್ಟೇ ಕಾಕಾ. ನನ್ನ ಬಿಎ ಮಾರ್ಕ್ಸ್ ಕಾರ್ಡನ್ನ ಇವತ್ತಿನವರೆಗೆ ಒಬ್ಬರೂ ಓದಿಲ್ಲ. ಪಾಸೋ ಫೇಲೋ ಅಷ್ಟೇ ಕೇಳಿದ್ದು. ಅರ್ಜಿಯ ಒಂದು ಕಾಲಂ ತುಂಬೋಕೆ ಮೂರು ವರ್ಷ ಕೊಟ್ಟೆ. ಆ ಕಾಲಂ ತುಂಬೋದು ನಿಮ್ಮಂಥವರೇ, ನಿಮಗೆ ಗೊತ್ತಿರುತ್ತೆ.

ಸಾಧನಕೇರಿ_ಮಾಸ್ತರ:
ತಮ್ಮಾ ಸಪ್ತಾಪುರ, ಓದಿ ಬೇಜಾರಾಯ್ತು. ಆದರೂ ಡಿಗ್ರಿ ಅಂದರೆ ಒಂದು ಕಾಲಂ ಅಂತ ಬಿಟ್ಟುಕೊಡೋಕೆ ಮನಸ್ಸಿಲ್ಲ. ಮೂವತ್ತೆರಡು ವರ್ಷ ಪಾಠ ಮಾಡಿದವನು ನಾನು, ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಧಾರವಾಡಕ್ಕೆ ಕರ್ನಾಟಕ ಕಾಲೇಜು ಬಂದದ್ದು 1917ರಲ್ಲಿ. ಅದಕ್ಕಿಂತ ಮೊದಲು ಈ ಕಡೆಯವರು ಡಿಗ್ರಿಗೆ ಪುಣೆ ಇಲ್ಲವೇ ಮುಂಬೈ ರೈಲು ಹತ್ತಬೇಕಿತ್ತು. ಕರ್ನಾಟಕ ವಿಶ್ವವಿದ್ಯಾಲಯವೂ 1949ರಲ್ಲಿ ಹುಟ್ಟಿದ್ದು ಮುಂಬೈಯಲ್ಲೇ, ಮರುವರ್ಷ ಧಾರವಾಡಕ್ಕೆ ಬಂತು. ಆಗ ಊರಿಗೆ ಒಬ್ಬ ಬಿಎ ಇದ್ದರೆ ಹೆಚ್ಚು. ಕಚೇರಿಗಳು ಅಂಥವನಿಗೆ ಕಾಯುತ್ತಿದ್ದವು. ನಾನು ಬಿಎಸ್ಸಿ ಮುಗಿಸಿದಾಗ ನಮ್ಮಪ್ಪ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ, ಬಸವಣ್ಣನ ಫೋಟೋ ಪಕ್ಕ ಮೊಳೆ ಹೊಡೆದು ನೇತು ಹಾಕಿದ. ವಿಭೂತಿ ಹಚ್ಚೋದೊಂದು ಬಾಕಿ ಇತ್ತು.

ಈಗ ನೋಡಿ. ಹುಬ್ಬಳ್ಳಿಯಲ್ಲಿ 2009ರಿಂದ ಕಾನೂನು ವಿಶ್ವವಿದ್ಯಾಲಯ. ಶಿಗ್ಗಾವಿ ಹತ್ತಿರ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯ. ನಿಮ್ಮ ಗದಗದಲ್ಲೇ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ. ಧಾರವಾಡಕ್ಕೆ 2015ರಲ್ಲಿ ಐಐಐಟಿ, 2016ರಲ್ಲಿ ಐಐಟಿ. ಹಾವೇರಿಗೂ ಒಂದು ವಿಶ್ವವಿದ್ಯಾಲಯ ಆಯ್ತು. ಬಾಗಿಲು ಹೆಚ್ಚಾದವು, ಒಳ್ಳೆಯದೇ. ಆದರೆ ಡಿಗ್ರಿ ಎಲ್ಲರ ಕೈಯಲ್ಲಿ ಇದ್ದಾಗ ಡಿಗ್ರಿ ತೋರಿಸಿ ಕೆಲಸ ಕೇಳೋಕಾಗಲ್ಲ. ಡಿಗ್ರಿಯಲ್ಲಿ ಏನು ಕಲಿತೆ ಅಂತ ತೋರಿಸಬೇಕು. ಅಲ್ಲೇ ನಾವು ಮಾಸ್ತರರು ಸೋತದ್ದು, ಒಪ್ಪುತ್ತೇನೆ.

ನಡುವೆ ಡಿಗ್ರಿ ಎಷ್ಟು ವರ್ಷ ಅನ್ನೋ ಗೊಂದಲ ಬೇರೆ. 2021ರಲ್ಲಿ ನಾಲ್ಕು ವರ್ಷದ ಡಿಗ್ರಿ ಅಂದರು, 2024ರಲ್ಲಿ ಮತ್ತೆ ಮೂರು ವರ್ಷ ಅಂದರು. ಒಂದೇ ಕಾರಿಡಾರಿನಲ್ಲಿ ಎರಡು ಸಿಲಬಸ್ಸು. ಹುಡುಗರು ನನ್ನನ್ನ ಕೇಳೋರು, ನಾನು ಕ್ಲರ್ಕನ್ನ ಕೇಳೋದು.

ಜೆರಾಕ್ಸಣ್ಣ, ನಿಮ್ಮೂರಿನ ವೀರೇಶ್ವರ ಪುಣ್ಯಾಶ್ರಮ ನೆನಪು ಮಾಡಿಕೊಳ್ಳಿ. ಪಂಚಾಕ್ಷರಿ ಗವಾಯಿಗಳು, ಆಮೇಲೆ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಹಾಡೋದು, ಹಾರ್ಮೋನಿಯಂ, ತಬಲಾ ಕಲಿಸಿದರು. ಫೀ ಇಲ್ಲ, ಊಟ ಅಲ್ಲೇ. ಅಲ್ಲಿಂದ ಹೊರಗೆ ಬಂದವರು ಸಂಗೀತ ಮೇಷ್ಟ್ರಾದರು, ಕೀರ್ತನೆ ಮಾಡಿದರು, ಬದುಕು ಕಟ್ಟಿಕೊಂಡರು. ವಿದ್ಯೆನೂ ಆಯ್ತು, ಅನ್ನನೂ ಆಯ್ತು. ಇವೆರಡನ್ನೂ ಬೇರೆ ಮಾಡಿದವರು ಯಾರೋ ಏನೋ.

ಗಿರ್ಮಿಟ್_ಪ್ರಿಯ:
ಸರ್, ಪಿರಿಯಡ್ ಮುಗೀತು, ಬೆಲ್ ಹೊಡೆದರು.

ತಾರಿಹಾಳ_ವರ್ನಿಯರ್:
ಮಾಸ್ತರ ಹೇಳಿದ 'ಏನು ಕಲಿತೆ ತೋರಿಸು' ಅನ್ನೋದಕ್ಕೆ ನನ್ನ ಕಥೆ ಕೇಳಿ.

ನಾನು ಎಸ್ಸೆಸ್ಸೆಲ್ಸಿ ಆದಮೇಲೆ ಹುಬ್ಬಳ್ಳಿಯ ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಸೇರಿದೆ. ಮೂರು ವರ್ಷ ಅಲ್ಲಿ, ನಾಲ್ಕನೇ ವರ್ಷ ಕಂಪನಿಯಲ್ಲಿ ಟ್ರೇನಿಂಗ್, ಸ್ಟೈಪೆಂಡ್ ಜೊತೆ. ಶುರುವಿನಲ್ಲಿ ಏನು ಕೊಟ್ಟರು ಗೊತ್ತಾ? ಒಂದು ಕಬ್ಬಿಣದ ತುಂಡು, ಒಂದು ಫೈಲು. ಅದೇ, ನಮ್ಮಜ್ಜ ಅರ ಅಂತಿದ್ದನಲ್ಲ, ಅದು. ತುಂಡನ್ನ ವೈಸ್‌ಗೆ ಕಚ್ಚಿಸಿ ಉಜ್ಜಬೇಕು. ಆರು ಮೈಯೂ ಸಮ ಬರಬೇಕು. ಟ್ರೈ ಸ್ಕ್ವೇರ್ ಇಟ್ಟು ಕಿಟಕಿ ಕಡೆ ಹಿಡಿದು ನೋಡೋದು. ಸಂದಿಯಲ್ಲಿ ಬೆಳಕು ಕಂಡರೆ ಮತ್ತೆ ಉಜ್ಜು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದು ಮತ್ತೆ ಎದ್ದವು. ಅವ್ವ ನೋಡಿ ಅತ್ತಳು. "ನಮ್ಮ ಹೊಲದಾಗ ದುಡದಿದ್ರೂ ಇಷ್ಟ ಆಗ್ತಿರಲಿಲ್ಲ" ಅಂದಳು. ಕೊನೆಗೊಂದು ದಿನ ಬೆಳಕು ಕಾಣಲಿಲ್ಲ. ಆ ತುಂಡು ಈಗಲೂ ಮನೆಯಲ್ಲಿದೆ, ಪೇಪರ್ ಹಾರದ ಹಾಗೆ ಇಡೋಕೆ.

ಈಗ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಇದ್ದೇನೆ. ಇಂಟರ್‌ವ್ಯೂನಲ್ಲಿ ಡ್ರಾಯಿಂಗ್ ಕೊಟ್ಟು ಓದು ಅಂದರು, ಓದಿದೆ, ಅಷ್ಟೇ. ಡಿಪ್ಲೊಮಾ ಆದವರು ಡಿಸಿಇಟಿ ಬರೆದು ಸೀದಾ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ನನ್ನ ಗೆಳೆಯರು ಇಬ್ಬರು ಹೋದರು. ನಾನು ಹೋಗಲಿಲ್ಲ.

ಒಂದು ನಿಜ ಹೇಳ್ತೀನಿ, ಕನ್ಯಾ ಕೇಳೋಕೆ ಹೋದಾಗ "ಹುಡುಗ ಬಿಇ ಅಲ್ವಾ?" ಅಂತಾರೆ. ಸಂಬಳ ಕೇಳಿದ ಮೇಲೆ ಚಹಾಕ್ಕೆ ಸಕ್ಕರೆ ಜಾಸ್ತಿ ಆಗುತ್ತೆ.

ಜೆರಾಕ್ಸ್_ಗದಗ:
ಚಲೋ ಬರೆದಿದ್ದೀರಿ. ಆದರೆ ಅದು ಹತ್ತನೇ ಕ್ಲಾಸ್ ಆದಮೇಲಿನ ದಾರಿ. ನಮ್ಮವಳು ಪಿಯುಸಿ ಮುಗಿಸಿಬಿಟ್ಟಳು. ಎಸ್ಸೆಸ್ಸೆಲ್ಸಿಯಲ್ಲಿ 91% ಬಂತು ಅಂತ ಸೈನ್ಸ್ ಕೊಡಿಸಿದೆ. ಮಾರ್ಕ್ಸ್ ಜಾಸ್ತಿ ಬಂದರೆ ಸೈನ್ಸ್, ಸುಮಾರು ಬಂದರೆ ಕಾಮರ್ಸ್, ಕಡಿಮೆ ಬಂದರೆ ಆರ್ಟ್ಸ್. ಅದಕ್ಕಿಂತ ಜಾಸ್ತಿ ವಿಚಾರ ಮಾಡಲಿಲ್ಲ.

ಬ್ಯಾಡಗಿ_ಕೆಂಪು:
ಅಣ್ಣಾ, ಪಿಸಿಎಂಬಿ ಅಂದಿರಿ, ಹೊಲ ಇದೆಯಾ ನಿಮಗೆ? ಇದ್ದರೆ ಬಿಎಸ್ಸಿ ಕೃಷಿ ಯಾಕೆ ನೋಡಬಾರದು? ರೈತರ ಮಕ್ಕಳಿಗೆ ಕೃಷಿಕರ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಬೇರೆ. ನಾನು ಅದರಲ್ಲೇ ಧಾರವಾಡ ಕೃಷಿ ವಿಶ್ವವಿದ್ಯಾಲಯ ಸೇರಿದ್ದು. ಮೇಜಿನ ಮೇಲೆ ಬೀಜ, ಗೊಬ್ಬರ, ಕಳೆ, ಹುಳ, ಸಾಮಾನು ಇಟ್ಟಿರುತ್ತಾರೆ. ಗುರುತಿಸಬೇಕು. ನನ್ನ ಮುಂದಿದ್ದವಳು ಸಿಟಿಯಲ್ಲಿ ಬೆಳೆದವಳು, ಕುಸುಬಿ ಬೀಜ ನೋಡಿ ಒದ್ದಾಡಿದಳು. ನಾನು ಕೂರಿಗೆ ಹಿಂದೆ ಅಕ್ಕಡಿ ಕಾಳು ಹಾಕಿಕೊಂಡು ಬೆಳೆದವಳು. ಜೀವನದಲ್ಲಿ ಮೊದಲ ಸಲ ನಮ್ಮ ಹೊಲಕ್ಕೆ ಮಾರ್ಕ್ಸ್ ಬಂತು.

ಈಗ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿದ್ದೇನೆ. ಬಿಎಸ್ಸಿ ಕೃಷಿ ಮಾಡಿದವರು ಎಲ್ಲರೂ ಹೊಲಕ್ಕೆ ಹೋಗ್ತಾರೆ ಅಂತ ತಿಳಿಯಬೇಡಿ. ನಮ್ಮ ಬ್ಯಾಚಿನ ಅರ್ಧ ಜನ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದರು, ಇನ್ನು ಕೆಲವರು ಸಪ್ತಾಪುರಕ್ಕೆ.

ಸಪ್ತಾಪುರ_ಕಾಟ್_3:
ಹೌದು, ಪಕ್ಕದ ಕಾಟ್‌ನವನು ಎಂಎಸ್ಸಿ ಕೃಷಿ. ರೂಮಿನ ತುಳಸಿ ಗಿಡ ಮಾತ್ರ ಚೆನ್ನಾಗಿ ಬೆಳೆದಿದೆ.

ಜೆರಾಕ್ಸ್_ಗದಗ:
ತಂಗೀ, ಏನು ಹೇಳಲಿ. ಲಕ್ಕುಂಡಿ ಕಡೆ ಅಪ್ಪನ ಹೆಸರಿನಲ್ಲಿ ಮೂರು ಎಕರೆ ಇದೆ. ಈ ವರ್ಷ ಸಿಇಟಿ ಅರ್ಜಿ ತುಂಬುವಾಗ ಎಷ್ಟೋ ಮಕ್ಕಳಿಗೆ "ಹೊಲ ಐತೇನ್ರಿ, ಕೃಷಿಕರ ಕೋಟಾ ಹಾಕಲೇನು?" ಅಂತ ನಾನೇ ಕೇಳಿ ಹಾಕಿದ್ದೇನೆ. ನಿಮ್ಮದು ಓದಿ ಮಗಳ ಅರ್ಜಿಯ ಪ್ರಿಂಟ್ ತೆಗೆದು ನೋಡಿದೆ. 'ಇಲ್ಲ' ಅಂತ ಇದೆ. ಅವತ್ತು ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಗಡಿಬಿಡಿಯಲ್ಲಿ ತುಂಬಿದ್ದೆ. ಹೊರಗೆ ಐದಾರು ಗಿರಾಕಿ ನಿಂತಿದ್ದರು.

ಬ್ಯಾಡಗಿ_ಕೆಂಪು:
ಅಯ್ಯೋ ಅಣ್ಣಾ. ಕೋಟಾ ಬಿಟ್ಟು ಸಾಮಾನ್ಯ ಸೀಟೂ ಇರುತ್ತೆ, ಆಸೆ ಬಿಡಬೇಡಿ. ಆದರೆ ಕಟ್‌ಆಫ್ ಮೇಲಿರುತ್ತೆ.

ಕೌಂಟರ್_ನಂಬರ್_2:
ನಾನು ಬ್ಯಾಂಕಿನಲ್ಲಿದ್ದೇನೆ, ಹುಬ್ಬಳ್ಳಿ. ಸೋದರಮಾವನ 'ಸಾಲ ಮಾಡಿಯಾದರೂ' ಅನ್ನೋ ಮಾತಿಗೆ ಸ್ವಲ್ಪ ಲೆಕ್ಕ ಹಾಕೋಣ, ಭಾವನೆ ಪಕ್ಕಕ್ಕಿಡಿ.

ವರ್ಷಕ್ಕೆ ಒಂದೂವರೆ ಲಕ್ಷದಂತೆ ನಾಲ್ಕು ವರ್ಷಕ್ಕೆ 6 ಲಕ್ಷ ಸಾಲ ಅಂತ ಇಟ್ಟುಕೊಳ್ಳಿ. ಬಡ್ಡಿ 10% ಅಂತ ಹಿಡಿಯೋಣ. ಓದೋ ನಾಲ್ಕು ವರ್ಷ, ಆಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಎಲ್ಲರೂ ಇಲ್ಲೇ ಖುಷಿ ಪಡೋದು. ಆದರೆ ಬಡ್ಡಿ ನಿದ್ದೆ ಮಾಡಲ್ಲ. ಮೊದಲ ವರ್ಷ ತಗೊಂಡ ಒಂದೂವರೆ ಲಕ್ಷಕ್ಕೆ ಐದು ವರ್ಷದ ಬಡ್ಡಿ, ಎರಡನೇ ವರ್ಷದ್ದಕ್ಕೆ ನಾಲ್ಕು, ಹೀಗೆ ಸರಳ ಬಡ್ಡಿಯೇ 2,10,000 ಆಗುತ್ತೆ. ಕಟ್ಟೋಕೆ ಶುರು ಮಾಡುವಾಗ ಸಾಲ 8,10,000. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 10,700. ಒಟ್ಟು ಕಟ್ಟೋದು ಹನ್ನೆರಡೂವರೆ ಲಕ್ಷದ ಮೇಲೆ.

ಏಳೂವರೆ ಲಕ್ಷದವರೆಗೆ ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳಲ್ಲ. ಆದರೆ ಅಪ್ಪನೋ ಅವ್ವನೋ ಜೊತೆ ಸಹಿ ಹಾಕಬೇಕು, ಅಂದರೆ ಸಾಲ ನಿಮ್ಮದೂ ಹೌದು. 2024ರ ನವೆಂಬರ್‌ನಲ್ಲಿ ಪಿಎಂ ವಿದ್ಯಾಲಕ್ಷ್ಮಿ ಅಂತ ಬಂದಿದೆ. ಮನೆ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಓದೋ ಅವಧಿಯಲ್ಲಿ 3% ಬಡ್ಡಿ ಸಹಾಯ. ಅದು ಪಟ್ಟಿಯಲ್ಲಿರೋ ಕಾಲೇಜಿಗೆ, ಮೆರಿಟ್ ಮೇಲೆ ಸೀಟು ಸಿಕ್ಕವರಿಗೆ. ಕಾಲೇಜಿನ ಬಣ್ಣದ ಪುಸ್ತಕ ನೋಡೋಕೆ ಮೊದಲು ಆ ಪಟ್ಟಿ ನೋಡಿ.

ಹೋದ ತಿಂಗಳು ಒಬ್ಬ ಹುಡುಗ ಬಂದಿದ್ದ, ಬಿಇ ಆಗಿದೆ, ಬೆಂಗಳೂರಿನಲ್ಲಿ 18,000 ಸಂಬಳ. ಪಿಜಿ ಬಾಡಿಗೆ 8,000. ಕಂತು 9,000. "ಮೇಡಂ, ಉಳಿದ ಸಾವಿರದಾಗ ಊಟ ಹೆಂಗ ಮಾಡ್ಲಿ?" ಅಂತ ನನ್ನನ್ನೇ ಕೇಳಿದ. ಒಳ್ಳೆ ಕಾಲೇಜು, ಒಳ್ಳೆ ಬ್ರಾಂಚು, ಓದೋ ಹುಡುಗಿ ಅಂದರೆ ಸಾಲ ತಪ್ಪಲ್ಲ. ನೆಂಟರ ಮುಂದೆ ಹೇಳಿಕೊಳ್ಳೋಕೆ ಸಾಲ ಮಾಡಬೇಡಿ.

ಚಿಗರಿ_ಸೀಟು:
ಫೀ ಮಾತು ಬಂತು ಅಂತ ಹೇಳ್ತೀನಿ. ಕಾಲೇಜಿಗೆ ಹೋಗೋದೇ ಒಂದೇ ದಾರಿ ಅಲ್ಲ ಈಗ. ಐಐಟಿ ಮದ್ರಾಸಿನವರು 2020ರಲ್ಲಿ ಡೇಟಾ ಸೈನ್ಸ್ ಆನ್‌ಲೈನ್ ಡಿಗ್ರಿ ಶುರು ಮಾಡಿದರು. ಜೆಇಇ ಬೇಕಿಲ್ಲ. ನಾಲ್ಕು ವಾರದ ಪಾಠ, ಆಮೇಲೆ ಅರ್ಹತಾ ಪರೀಕ್ಷೆ, ಪಾಸಾದರೆ ಒಳಗೆ. ಪಾಠ ಮೊಬೈಲಿನಲ್ಲಿ, ಪರೀಕ್ಷೆ ಮಾತ್ರ ಕೇಂದ್ರಕ್ಕೆ ಹೋಗಿ ಬರೆಯಬೇಕು. ಆದಾಯ ಕಡಿಮೆ ಇದ್ದವರಿಗೆ ಫೀ ರಿಯಾಯಿತಿ ಇದೆ. ನಡುವೆ ಬಿಟ್ಟರೂ ಅಲ್ಲಿಯವರೆಗಿನ ಸರ್ಟಿಫಿಕೇಟೋ ಡಿಪ್ಲೊಮಾನೋ ಸಿಗುತ್ತೆ. 2022ರಿಂದ ಒಂದೇ ಸಮಯಕ್ಕೆ ಎರಡು ಡಿಗ್ರಿ ಮಾಡೋಕೆ ಯುಜಿಸಿ ಒಪ್ಪಿದೆ, ಹಾಗಾಗಿ ಊರಿನ ಬಿಎಸ್ಸಿ ಜೊತೆಗೂ ಮಾಡಬಹುದು.

ನಾನು ಹುಬ್ಬಳ್ಳಿಯಲ್ಲಿ ಕೆಲಸ ಮಾಡ್ತಾ, ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಓಡಾಡ್ತಾ ಪಾಠ ಕೇಳ್ತೀನಿ. ಹೊಗಳಿಕೆ ಮಾತ್ರ ಬರೆಯಲ್ಲ. ಇಂಗ್ಲಿಷು, ಗಣಿತ ಎರಡೂ ಬೇಕು. ವಾರ ವಾರ ಅಸೈನ್‌ಮೆಂಟ್. ನಾವು ಐದು ಗೆಳೆಯರು ಸೇರಿದ್ದೆವು, ಈಗ ಇಬ್ಬರು. ಯಾರೂ ಬೈಯೋರಿಲ್ಲ, ಅಟೆಂಡೆನ್ಸ್ ಇಲ್ಲ, ಅದೇ ಕಷ್ಟ.

ಗಿರ್ಮಿಟ್_ಪ್ರಿಯ:
ಎಐ ಬಂದಮೇಲೆ ಡೇಟಾ ಸೈನ್ಸ್ ಕಲಿತು ಏನು ಕಡಿದು ಕಟ್ಟೆ ಹಾಕ್ತೀರಿ?

ಚಿಗರಿ_ಸೀಟು:
ಎಐ ಕೊಟ್ಟ ಉತ್ತರ ಸರಿಯೋ ತಪ್ಪೋ ಹೇಳೋಕಾದರೂ ಕಲಿತವರು ಬೇಕಲ್ಲ ಮಾರಾಯ. ಕ್ಯಾಲ್ಕುಲೇಟರ್ ಬಂತು ಅಂತ ಮಗ್ಗಿ ಬಿಟ್ಟವರ ಪರಿಸ್ಥಿತಿ ಕಿರಾಣಿ ಅಂಗಡಿಯಲ್ಲಿ ನೋಡು.

ಮುಂಡರಗಿ_ಬಸ್_ಪಾಸ್:
ಎಲ್ಲರೂ ಕೆಲಸ, ಸಂಬಳ, ಕಂತು ಅಂತ ಬರೆದಿದ್ದೀರಿ. ನಾನು ಬೇರೆ ಹೇಳ್ತೀನಿ.

ನಾನು ಮುಂಡರಗಿ ತಾಲೂಕಿನ ಹಳ್ಳಿಯವಳು. ಪಿಯುಸಿ ಆದಮೇಲೆ ಮನೆಯಲ್ಲಿ ಸೋದರ ಸಂಬಂಧದಲ್ಲಿ ಮದುವೆ ಮಾತು ಶುರುವಾಯ್ತು. ನನಗೆ ಆಗ ಹದಿನೆಂಟು ತುಂಬಿ ಎರಡು ತಿಂಗಳು. ಗದಗದ ಕಾಲೇಜಿನಲ್ಲಿ ಬಿಎ ಅಡ್ಮಿಶನ್ ಮಾಡಿಸಿದೆ. ಯಾವ ವಿಷಯ ಅಂತನೂ ಸರಿಯಾಗಿ ನೋಡಲಿಲ್ಲ. ಇತಿಹಾಸ, ಅರ್ಥಶಾಸ್ತ್ರ, ಕನ್ನಡ. "ಓದಾಕತ್ತಾಳ" ಅಂತ ಹೇಳೋಕೆ ಮನೆಯವರಿಗೆ ಒಂದು ಮಾತು ಸಿಕ್ಕಿತು. ಮದುವೆ ಮೂರು ವರ್ಷ ಮುಂದೆ ಹೋಯ್ತು. ಬೆಳಗ್ಗೆ 7.20ರ ಬಸ್ಸು, ಸಂಜೆ 5ರ ಬಸ್ಸು. ಆ ಬಸ್ ಪಾಸೇ ನನ್ನ ಡಿಗ್ರಿ. ಬ್ಯಾಂಕಿಗೆ ಒಬ್ಬಳೇ ಹೋಗೋದು ಕಲಿತೆ, ಲೈಬ್ರರಿಯಲ್ಲಿ ಪೇಪರ್ ಓದೋದು ಕಲಿತೆ, ಬೇಡ ಅನ್ನೋದು ಕಲಿತೆ. ಆ ಸೋದರ ಸಂಬಂಧಕ್ಕೆ ಮೂರು ವರ್ಷ ಆದಮೇಲೆ ಬೇಡ ಅಂದೆ.

ಈಗ ಹೊಲಿಗೆ ಅಂಗಡಿ ಇದೆ ನನ್ನದು, ಬ್ಲೌಸು, ಚೂಡಿದಾರ. ಬಿಎಗೂ ಅದಕ್ಕೂ ಸಂಬಂಧ ಇಲ್ಲ. ದಂಡ ಆಯ್ತು ಅಂತ ಯಾರಾದರೂ ಅಂದರೆ ಒಪ್ಪಲ್ಲ. ಈಗಿನ ಹುಡುಗಿಯರಿಗೆ 2023ರಿಂದ ಬಸ್ಸೂ ಫ್ರೀ. ಸರ್ಕಾರಿ ಶಾಲೆ, ಸರ್ಕಾರಿ ಪಿಯುನಲ್ಲಿ ಓದಿದ ಹುಡುಗಿಯರಿಗೆ ಡಿಗ್ರಿಗೆ ವರ್ಷಕ್ಕೆ 30,000 ಕೊಡೋ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ಇದೆ, ಅದನ್ನೂ ನೋಡಿ. ಅಣ್ಣಾ, ನಿಮ್ಮ ಅವ್ವನ ಮಾತು ಓದಿದೆ. ಅದಕ್ಕೇ ಬರೆದೆ.

ಸಾಧನಕೇರಿ_ಮಾಸ್ತರ:
ತಾಯಿ, ನನ್ನ ಉದ್ದದ ಬರಹ ವಾಪಸ್ ತಗೊಂಡೆ.

ಜೆರಾಕ್ಸ್_ಗದಗ:
ನಮಸ್ಕಾರ. ಇದು ಅಪ್ಪನ ಮೊಬೈಲು, ಬರೀತಿರೋದು ನಾನು, ಮಗಳು. ಅಪ್ಪ ಊಟಕ್ಕೆ ಹೋಗಿದ್ದಾರೆ, ಅಂಗಡಿಯಲ್ಲಿ ನಾನಿದ್ದೇನೆ.

ಎಲ್ಲಾ ಓದಿದೆ. ಥ್ಯಾಂಕ್ಸ್. ಆದರೆ "ಅವಳಿಗೇನು ಇಷ್ಟ?" ಅಂತ ಇಲ್ಲಿ ಒಬ್ಬರೂ ಕೇಳಿಲ್ಲ, ಮನೆಯಲ್ಲೂ ಕೇಳಿಲ್ಲ.

ಹೋದ ವರ್ಷ ಆಯಿಗೆ (ಅಜ್ಜಿಗೆ) ಜ್ವರ ಬಂದು ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದೆವು. ರಕ್ತದ ರಿಪೋರ್ಟ್ ತರೋಕೆ ದಿನಾ ನಾನೇ ಲ್ಯಾಬಿಗೆ ಹೋಗ್ತಿದ್ದೆ. ಅಲ್ಲಿನ ಅಕ್ಕ ಟ್ಯೂಬುಗಳನ್ನ ಒಂದು ಮಷಿನಿನಲ್ಲಿ ಎದುರುಬದುರು ಇಟ್ಟು ತಿರುಗಿಸೋರು. ಹೊರಗೆ ತೆಗೆದಾಗ ಕೆಂಪು ಕೆಳಗೆ ಕೂತು ಮೇಲೆ ಹಳದಿ ನೀರು ನಿಂತಿರ್ತಿತ್ತು. ಯಾಕೆ ಎದುರುಬದುರೇ ಇಡಬೇಕು ಅಂತ ಕೇಳಿದೆ. "ತೂಕ ಸಮ ಇರಬೇಕು, ಇಲ್ಲಾಂದ್ರ ಅದುರತೈತಿ" ಅಂದರು. ಆಮೇಲೆ ಮೈಕ್ರೋಸ್ಕೋಪ್ ತೋರಿಸಿದರು. ಪಿಯುಸಿಯಲ್ಲಿ ಎರಡು ವರ್ಷ ಓದಿದ್ದು ಅವತ್ತು ಕಣ್ಣಿಗೆ ಕಂಡಿತು.

ಬಿಎಸ್ಸಿ ಮೆಡಿಕಲ್ ಲ್ಯಾಬ್ ಟೆಕ್ನಾಲಜಿ ಅಂತ ಇದೆ. ಮೂರು ವರ್ಷ ಓದು, ಆಮೇಲೆ ಇಂಟರ್ನ್‌ಶಿಪ್. ನನಗೆ ಅದು ಬೇಕು. ಎಂಜಿನಿಯರಿಂಗ್ ಬೇಡ. ಅಪ್ಪನಿಗೆ ಬಾಯಿಬಿಟ್ಟು ಹೇಳೋಕಾಗಲಿಲ್ಲ, ಇಲ್ಲಿ ಓದ್ಲಿ.

ಕೌಂಟರ್_ನಂಬರ್_2:
ಭಲೇ ಹುಡುಗಿ! ಸೇರೋ ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯಾ, ಇಲ್ಲಾಂದ್ರೆ ಪ್ರಾಕ್ಟಿಕಲ್ ಎಲ್ಲಿ ಮಾಡಿಸ್ತಾರೆ, ಇಂಟರ್ನ್‌ಶಿಪ್‌ನಲ್ಲಿ ದುಡ್ಡು ಕೊಡ್ತಾರಾ, ಇದನ್ನ ಆಫೀಸಿನಲ್ಲಿ ಕೇಳಬೇಡ. ಅಲ್ಲೇ ಓದ್ತಿರೋ ಕೊನೇ ವರ್ಷದವರನ್ನ ಕ್ಯಾಂಟೀನಿನಲ್ಲಿ ಕೇಳು.

ತಾರಿಹಾಳ_ವರ್ನಿಯರ್:
ಮತ್ತೆ ಕೋರ್ಸು ಯಾವ ವಿಶ್ವವಿದ್ಯಾಲಯದ್ದು ಅಂತ ನೋಡಮ್ಮ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಆ ಕಾಲೇಜು ಇದೆಯಾ ಅಂತ ಖಾತ್ರಿ ಮಾಡಿಕೋ. ಬರೀ ಬೋರ್ಡ್ ಹಾಕಿಕೊಂಡು ಆರು ತಿಂಗಳ ಸರ್ಟಿಫಿಕೇಟ್ ಕೊಡೋರೂ ಇದ್ದಾರೆ. ಈ ಓದಿಗೆ 2021ರಲ್ಲಿ ಕೇಂದ್ರದ ಕಾಯ್ದೆನೇ ಬಂದಿದೆ, ಮುಂದೆ ನೋಂದಣಿ ಕೇಳ್ತಾರೆ.

ಸಪ್ತಾಪುರ_ಕಾಟ್_3:
ತಂಗಿ, ನನಗೆ ಹದಿನೆಂಟು ಇದ್ದಾಗ ಯಾರಾದರೂ "ನಿನಗೇನು ಬೇಕು" ಅಂತ ಕೇಳಿದ್ದರೂ ನನ್ನ ಹತ್ತಿರ ಉತ್ತರ ಇರಲಿಲ್ಲ. ನಿನ್ನ ಹತ್ತಿರ ಇದೆ.

ಜೆರಾಕ್ಸ್_ಗದಗ:
ಊಟ ಮಾಡಿ ಬಂದು ಓದಿದೆ. ಅವಳು ಪ್ರಿಂಟರ್ ಪಕ್ಕ ತಲೆ ತಗ್ಗಿಸಿ ಕೂತಿದ್ದಳು. ನಾನೂ ಏನೂ ಮಾತಾಡಲಿಲ್ಲ, ಸುಮ್ನೆ ಪುಟ ತೆಗೆದೆ.

ಮರುದಿನ ಇಬ್ಬರೂ ಹುಬ್ಬಳ್ಳಿಗೆ ಹೋಗಿ ಎರಡು ಕಾಲೇಜು ನೋಡಿಕೊಂಡು ಬಂದೆವು. ಒಂದು ಕಡೆ ಲ್ಯಾಬ್ ತೋರಿಸಿ ಅಂದರೆ ಕೀಲಿ ಸಿಗ್ತಿಲ್ಲ ಅಂದರು. ಅದನ್ನ ಬಿಟ್ಟೆವು. ಇನ್ನೊಂದು ಕಡೆ ಕ್ಯಾಂಟೀನಿನಲ್ಲಿ ಅರ್ಧ ಗಂಟೆ ಕೂತು ಎಲ್ಲಾ ಕೇಳಿಕೊಂಡು ಬಂದಳು. ಸೋದರಮಾವ ಸಿಟ್ಟಾಗಿದ್ದಾನೆ, ಆಗಲಿ.

ಇವತ್ತು ಸಂಜೆ ಅರ್ಜಿ ತುಂಬಿದೆವು. ಒಂದೊಂದು ಕಾಲಂ ಅವಳು ಓದಿ ಹೇಳಿದಳು, ನಾನು ಟೈಪ್ ಮಾಡಿದೆ. ಹೊರಗೆ ಗಿರಾಕಿ ನಿಂತಿದ್ದರು, "ಒಂದ್ ಹತ್ತ್ ನಿಮಿಷ ತಡೀರಿ" ಅಂದೆ. ನಲವತ್ತು ನಿಮಿಷ ಆಯ್ತು. ಸಬ್ಮಿಟ್ ಒತ್ತಿದ್ದು ಅವಳೇ. ಪ್ರಿಂಟ್ ತೆಗೆದು ಕೈಗೆ ಕೊಡುವಾಗ ರೂಢಿಯಂತೆ ಬಾಯಿಂದ ಬಂದೇಬಿಡ್ತು, "ಐವತ್ತು ರೂಪಾಯಿ" ಅಂದೆ. "ಚಿಲ್ಲರೆ ಇಲ್ರಿ ಕಾಕಾ" ಅಂದಳು.